ಮೇಲ್ಗಡೆ ಜಯಕ್ಕಂದು

ಮದ್ದೂರನ್ನು ಹಾದುಹೋಗುವವರೆಲ್ಲ ವಡೆಯ ಬಗ್ಗೆಯೇ ಮಾತಾಡುತ್ತಾರೆ. ನಾನು ಆಡುವುದಿಲ್ಲ, ಇಲ್ಲೇ ಹುಟ್ಟಿ ಬೆಳೆದವನಿಗೆ ಅದರಲ್ಲಿ ಹೇಳುವುದಕ್ಕೆ ಏನೂ ಉಳಿದಿಲ್ಲ. ನೀವು ಮುಂದಿನ ಸಲ ಹಳೇ ರಸ್ತೆಯ ಬಸ್ಸಿನಲ್ಲಿ ಈ ಕಡೆ ಬಂದಾಗ, ವಡೆ ತಿಂದು ಕೈ ಒರೆಸಿಕೊಂಡ ಮೇಲೆ, ಕಿಟಕಿಯಿಂದ ಒಂದಿಷ್ಟು ತಲೆ ಎತ್ತಿ ನೋಡಿ. ನಿಡಘಟ್ಟದಿಂದ ಮಂಡ್ಯದವರೆಗೆ ತಾರಸಿ ತಾರಸಿಯ ಮೇಲೂ ಮೊಣಕಾಲೆತ್ತರದ ಮೋಟು ಕಂಬ, ಅದರ ತಲೆಯಿಂದ ಎದ್ದು ನಿಂತ ಕಬ್ಬಿಣದ ಕಂಬಿಗಳು ಕಾಣುತ್ತವೆ. ಮನೆ ಕಟ್ಟಿದವನ ದುಡ್ಡು ಮುಗಿದಿದೆ, ಆಸೆ ಮುಗಿದಿಲ್ಲ ಎಂದು ಅದರ ಅರ್ಥ. ಮುಂದೆ ಯಾವತ್ತಾದರೂ ಮೇಲೊಂದು ಮನೆ ಎಬ್ಬಿಸುವುದಾದರೆ ಆ ಕಂಬಿಗೇ ಕಂಬಿ ಕಟ್ಟಿಕೊಂಡು ಹೋಗಬಹುದು. ಸಾಮಾನ್ಯವಾಗಿ ಯಾರೂ ಎಬ್ಬಿಸುವುದಿಲ್ಲ. ಕಂಬಿ ತುಕ್ಕು ಹಿಡಿಯುತ್ತದೆ, ಹೆಂಗಸರು ಅದಕ್ಕೆ ಹಗ್ಗ ಬಿಗಿದು ಬಟ್ಟೆ ಒಣಗಿಸುತ್ತಾರೆ.

ನಮ್ಮ ಮನೆಯ ಮೇಲೂ ಅಂಥ ಕಂಬಿಗಳಿದ್ದವು. ಹೋದ ಬೇಸಿಗೆಯಲ್ಲಿ ಸೋಲಾರ್ ಕಂಪನಿಯ ಇಂಜಿನಿಯರ್ ಒಬ್ಬರು ಮಂಡ್ಯದಿಂದ ಅಳತೆಗೆಂದು ಬಂದವರು ತಾರಸಿ ಹತ್ತಿ, ಅವುಗಳಲ್ಲೊಂದಕ್ಕೆ ಅಂಗಿಯ ತೋಳು ಸಿಕ್ಕಿಸಿಕೊಂಡು ಪರ್ರನೆ ಹರಿದುಕೊಂಡರು. ತೋಳು ಬಿಡಿಸಿಕೊಳ್ಳುತ್ತಾ, “ಇವನ್ನೆಲ್ಲ ಯಾಕೆ ಸಾರ್ ಇನ್ನೂ ಇಟ್ಕೊಂಡಿದೀರಿ?” ಎಂದರು. ಉತ್ತರ ಒಂದೇ ಮಾತಿನದು. ಆದರೆ ಅದನ್ನು ಹೇಳಬೇಕಾದರೆ ನಮ್ಮಪ್ಪನಿಂದ ಶುರು ಮಾಡಬೇಕು.

ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಡೆ ಕೆಲಸಕ್ಕಿದ್ದರು. ದೇವರು, ರಾಜಕೀಯ, ಮಳೆ ಇವುಗಳ ಬಗ್ಗೆ ಅವರಿಗೆ ಖಚಿತ ಅಭಿಪ್ರಾಯ ಇರಲಿಲ್ಲ. ಇದ್ದದ್ದು ಒಂದೇ ಸಿದ್ಧಾಂತ: “ಮುಂದ್ಕಿರ್ಲಿ.” ಅಂಗಡಿಯಲ್ಲಿ ಚಪ್ಪಲಿ ಕೊಳ್ಳುವಾಗ ನನ್ನ ಕಾಲನ್ನು ನೋಡುತ್ತಲೇ ಇರಲಿಲ್ಲ, ಇನ್ನೆರಡು ವರ್ಷದ ನಂತರದ ಕಾಲನ್ನು ಮನಸ್ಸಿನಲ್ಲಿ ಕಂಡು ಅದರ ಅಳತೆ ಕೊಳ್ಳುತ್ತಿದ್ದರು. ನನ್ನ ಎರಡನೇ ಕ್ಲಾಸಿನ ಖಾಕಿ ಚಡ್ಡಿ ನಾಲ್ಕನೇ ಕ್ಲಾಸಿನಲ್ಲಿ ಸರಿಯಾಯಿತು. ಅಷ್ಟರಲ್ಲಿ ಹಿಂದುಗಡೆ ಹರಿದಿತ್ತು. ಅಳತೆಗೂ ಸರಿಯಿದ್ದು, ಹರಿಯದೆಯೂ ಇದ್ದ ಚಡ್ಡಿಯನ್ನು ನಾನು ಚಿಕ್ಕಂದಿನಲ್ಲಿ ಹಾಕಿದ ನೆನಪಿಲ್ಲ.

ಮನೆ ಕಟ್ಟಿಸುವಾಗಲಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ಹಜಾರದ ಸೂರಿಗೆ ಎರಡು ಕೊಂಡಿ ಹಾಕಿಸಿದರು, ಒಂದು ಫ್ಯಾನಿಗೆ, ಇನ್ನೊಂದು ಮುಂದಕ್ಕೆ. ಆ ಇನ್ನೊಂದು ಯಾವುದಕ್ಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಅಡುಗೆಮನೆಯಲ್ಲಿ ಫ್ರಿಜ್ಜಿಗೆಂದು ಒಂದು ದೊಡ್ಡ ಪ್ಲಗ್ಗು ಕೂರಿಸಿದರು. ನಮ್ಮ ಬೀದಿಯಲ್ಲೇ ಆಗ ಯಾರ ಮನೆಯಲ್ಲೂ ಫ್ರಿಜ್ಜಿರಲಿಲ್ಲ. ಅಮ್ಮ ಆ ಸ್ವಿಚ್ಚಿಗೆ ಹಿಟ್ಟಿನ ಜರಡಿ ನೇತುಹಾಕುತ್ತಿದ್ದಳು. ಮುಂದೆ ಫ್ರಿಜ್ಜು ನಿಜವಾಗಿ ಬಂದಾಗ ಆ ಮೂಲೆಯಲ್ಲಿಟ್ಟರೆ ಅದರ ಬಾಗಿಲು ಗೋಡೆಗೆ ಬಡಿದು ಅರ್ಧವೂ ತೆರೆಯಲಿಲ್ಲ. ಹೀಗಾಗಿ ಫ್ರಿಜ್ಜು ಹಜಾರದಲ್ಲಿದೆ, ಜರಡಿ ಈಗಲೂ ಅಲ್ಲೇ ಇದೆ.

ಕಂಬಿಗಳೂ ಇದೇ ಸಿದ್ಧಾಂತದವೇ. ಆದರೆ ಅವಕ್ಕೆ ಮಾತ್ರ ಒಂದು ಹೆಸರಿತ್ತು.

ಜಯಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳನ್ನು ಮಳವಳ್ಳಿ ಕಡೆಯ ಹಳ್ಳಿಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷ ಒಂದು ಮಧ್ಯಾಹ್ನ ಆಟೋದಲ್ಲಿ ಹೊಲಿಗೆ ಮಿಷನ್ನು ಹಾಕಿಕೊಂಡು ಬಂದು ಬಾಗಿಲಲ್ಲಿ ಇಳಿದಳು. ಅಮ್ಮ ಕೊಕ್ಕರೆ ಬೆಳ್ಳೂರಿನವಳು. ಅಲ್ಲಿ ಹುಣಸೆಮರಕ್ಕೆ ಗೂಡು ಕಟ್ಟಲು ಬರುವ ಕೊಕ್ಕರೆಗಳನ್ನೇ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಹಕ್ಕಿ ಕೂತಿರುವಾಗ ಕೊಂಬೆಗೆ ಕತ್ತಿ ತಾಗಿಸುವುದಿಲ್ಲ. ಜಯಕ್ಕ ಹೆರಿಗೆಗೆ ಬಂದವಳಲ್ಲ ಎಂದು ಮಿಷನ್ನು ನೋಡಿದ ಕೂಡಲೇ ಅಮ್ಮನಿಗೆ ತಿಳಿಯಿತು. “ಬಂದ್ಯಾ? ಕೈಕಾಲು ತೊಳ್ಕಾ, ಮುದ್ದೆ ಬಿಸಿಯಾಗದೆ,” ಎಂದಳು. ಯಾಕೆ ಬಂದೆ ಎಂದು ಆವತ್ತಿನಿಂದ ಈವತ್ತಿನವರೆಗೆ ನಮ್ಮ ಮನೆಯಲ್ಲಿ ಯಾರೂ ಕೇಳಿಲ್ಲ. ಕೇಳದಿದ್ದುದನ್ನು ನಾವು ನಮ್ಮ ಒಳ್ಳೆಯತನ ಅಂದುಕೊಂಡಿದ್ದೆವು.

ಅಪ್ಪ ಆಗ ಹಳೇ ಹೆಂಚಿನ ಮನೆ ಕೆಡವಿ ಈ ತಾರಸಿ ಮನೆ ಕಟ್ಟಿಸುತ್ತಿದ್ದರು. ತಾರಸಿ ಹಾಕಿದ ವಾರ ಅವರು ಮೇಸ್ತ್ರಿಯನ್ನು ಕರೆದು, ಹಿಂಭಾಗದ ಕಂಬಗಳ ಕಂಬಿ ಕತ್ತರಿಸಬೇಡ, ಮೇಲಕ್ಕೆ ಬಿಡು ಎಂದರು. ಆಮೇಲೆ ಒಂದು ಡಬ್ಬಿ ಸುಣ್ಣದ ಪುಡಿ ತೆಗೆದುಕೊಂಡು ಮೇಲೆ ಹತ್ತಿ, ಬಗ್ಗಿ ಬಗ್ಗಿ ಗೆರೆ ಎಳೆದರು. ಇದು ಅಡುಗೆಮನೆ, ಇದು ಮಲಗೋ ರೂಮು, ಇಲ್ಲಿ ಕಿಟಕಿ, ಇಲ್ಲಿ ನಿನ್ನ ಮಿಷನ್ನು. ಜಯಕ್ಕ ಆ ಗೆರೆಯ ಒಳಗೆ ನಿಂತು ನೋಡಿದಳು. “ಮೇಲ್ಗಡೆ ಜಯಂದು,” ಎಂದು ಅಪ್ಪ ನಮ್ಮೆಲ್ಲರ ಮುಂದೆ ಹೇಳಿದರು. ಆ ವರ್ಷದ ಮೊದಲ ಮಳೆಗೆ ಸುಣ್ಣ ತೊಳೆದುಹೋಯಿತು, ಮಾತು ಉಳಿಯಿತು.

ಆ ಮಾತು ಎಷ್ಟು ಗಟ್ಟಿಯಾಗಿ ಉಳಿಯಿತು ಅಂತೀರಿ! ನೆಂಟರು ಬಂದು, ಜಯನ ಕತೆ ಏನಪ್ಪ ಎಂದು ದನಿ ತಗ್ಗಿಸಿ ಕೇಳಿದರೆ ಅಪ್ಪ ಬೆರಳನ್ನು ಸೂರಿನ ಕಡೆ ಎತ್ತಿ, “ಮೇಲ್ಗಡೆ ಅವಳ್ದೇ,” ಎನ್ನುತ್ತಿದ್ದರು. ನೆಂಟರು ಸಮಾಧಾನದಿಂದ ತಲೆ ಆಡಿಸಿ ಕಾಫಿ ಕುಡಿಯುತ್ತಿದ್ದರು. ಅಪ್ಪ ಹೋದ ಮೇಲೆ ಅಮ್ಮ ಬೆರಳೆತ್ತಿದಳು. ಅಮ್ಮ ಹೋದ ಮೇಲೆ ನಾನು. ಎದುರುಮನೆಯ ಕೆಂಪಮ್ಮನೂ ತನ್ನ ಸೊಸೆಗೆ ನಮ್ಮ ತಾರಸಿ ತೋರಿಸಿ ಅದೇ ಮಾತು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಜಯಕ್ಕ ಮಾತ್ರ ಅಷ್ಟೂ ಕಾಲ ಕೆಳಗಡೆಯೇ ಇದ್ದಳು. ಬೀದಿಗಿರುವ ಜಗಲಿಗೆ ಒಂದು ಗೋಡೆ, ಒಂದು ಬಾಗಿಲು, ಒಂದು ಕಿಟಕಿ ಇಡಿಸಿ ಮುಂದಿನ ರೂಮು ಮಾಡಿಕೊಂಡು ಅಲ್ಲೇ ಹೊಲಿಯುತ್ತಿದ್ದಳು, ಅಲ್ಲೇ ಮಲಗುತ್ತಿದ್ದಳು. ಬೀದಿಯ ರವಿಕೆಗಳೆಲ್ಲ ಅವಳ ಕೈಯವೇ.

ಮಳೆಗಾಲಕ್ಕೆ ಮುಂಚೆ ಅವಳದೊಂದು ಕೆಲಸವಿತ್ತು. ಬೀದಿಯ ಕೊನೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ನಯಾಜನ ಹತ್ತಿರ ಹಳೇ ಇಂಜಿನ್ ಆಯಿಲ್ ಒಂದು ಡಬ್ಬಿ ಇಸಿದುಕೊಂಡು, ಮೇಲೆ ಹತ್ತಿ, ಕಂಬಿಗಳಿಗೆಲ್ಲ ಬಟ್ಟೆಯಿಂದ ಸವರಿ ಸವರಿ ಹಚ್ಚುತ್ತಿದ್ದಳು. ತುದಿಗೆ ತೆಂಗಿನ ಚಿಪ್ಪು ಬೋರಲು ಹಾಕುತ್ತಿದ್ದಳು. ಊರಿನ ಕಂಬಿಗಳೆಲ್ಲ ಕೆಂಪಗೆ ಉದುರಿದರೂ ನಮ್ಮವು ಕರ್ರಗೆ ಮಿರಮಿರ ಎನ್ನುತ್ತಿದ್ದವು. ಅದನ್ನು ನೋಡಿದಾಗೆಲ್ಲ ನನಗೆ ಹೆಮ್ಮೆಯಾಗುತ್ತಿತ್ತು. ಅಪ್ಪನ ಮಾತಿಗೆ ತುಕ್ಕು ಹಿಡಿಯದಂತೆ ನೋಡಿಕೊಳ್ಳುತ್ತಿದ್ದಾಳಲ್ಲ ಎಂದು. ಕ್ಲಾಸಿನಲ್ಲಿ ಹುಡುಗರಿಗೆ ಶ್ರದ್ಧೆ ಎಂದರೇನು ಎಂದು ಹೇಳುವಾಗ, ಹೆಸರು ಮರೆಸಿ, ಈ ಉದಾಹರಣೆಯನ್ನು ಕೊಟ್ಟದ್ದೂ ಉಂಟು.

ಕ್ಲಾಸು ಅಂದೆನಲ್ಲ, ನಾನು ಮಳವಳ್ಳಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಭವಿಷ್ಯ ನನ್ನ ವಿಷಯವಲ್ಲ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಅದರಲ್ಲಿ ನನಗೆ ಯಾವ ದುಃಖವೂ ಇರಲಿಲ್ಲ. ದುಃಖ ತಂದವರು ಅರ್ಥಶಾಸ್ತ್ರದ ಮೇಷ್ಟರು. ಅವರು ಕರೆಂಟಿನ ಕಾರು ಕೊಂಡರು. ಕೊಂಡ ದಿನ ನಮ್ಮನ್ನೆಲ್ಲ ಹೊರಗೆ ಕರೆದು ಕಾರು ಚಾಲೂ ಮಾಡಿ, “ಕೇಳಿ!” ಎಂದರು. ಕಿವಿಗೊಟ್ಟು ನಿಂತೆವು. “ಏನೂ ಕೇಳಿಸ್ತಿಲ್ಲವಲ್ಲ?” ಎಂದೆ. “ಅದೇ!” ಎಂದರು. ಆವತ್ತಿನಿಂದ ಬಸ್ಸಿನ ಸದ್ದು ನನಗೆ ಕೇಳಿಸತೊಡಗಿತು. ನಿವೃತ್ತಿಗೆ ಇನ್ನು ಕೆಲವೇ ವರ್ಷ ಇರುವವನಿಗೆ ಕಾಲೇಜಿಗೆ ಹೋಗಲು ಕಾರು ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಸುಮಾ ಕೇಳಿದಳು.

ಸುಮಾ ನಿಡಘಟ್ಟದ ಶಾಲೆಯಲ್ಲಿ ಲೆಕ್ಕದ ಮೇಡಂ. ಆಸೆಯನ್ನು ಅವಳು ತಡೆಯುವುದಿಲ್ಲ, ಲೆಕ್ಕಕ್ಕೆ ಇಳಿಸುತ್ತಾಳೆ. ದಿನಕ್ಕೆ ಮಳವಳ್ಳಿಗೆ ಹೋಗಿಬರುವ ದೂರಕ್ಕೆ ಇಷ್ಟು ಯೂನಿಟ್ಟು, ಮನೆಗೆ ಇಷ್ಟು ಎಂದು ಹಿಡಿದು, “ಮನೆಗೆ ಮಾತ್ರ ಆದ್ರೆ ತಾರಸಿ ಮೇಲೆ ನಾಲ್ಕು ಪ್ಯಾನಲ್ ಸಾಕು. ನಿಮ್ಮ ಕಾರಿಗೂ ಬೇಕಂದ್ರೆ ಹತ್ತು,” ಎಂದಳು. ನಾನು ಕಾರನ್ನು ಆಮೇಲೆ ನೋಡಿಕೊಳ್ಳೋಣ, ಮೊದಲು ಬಿಸಿಲು ಹಿಡಿದಿಡೋಣ ಎಂದೆ. ಫೋನಿನಲ್ಲಿ ಇಂಜಿನಿಯರೂ ಅದನ್ನೇ ಹೇಳಿದರು. “ಈಗ್ಲೇ ದೊಡ್ಡ ಸಿಸ್ಟಮ್ ಹಾಕಿಸ್ಬಿಡಿ ಸಾರ್, ಕಾರು ಯಾವತ್ತಾದ್ರೂ ಬರ್ಲಿ. ಮುಂದಕ್ಕೆ ಇರುತ್ತೆ!” ಆ ಮಾತು ಕಿವಿಗೆ ಬಿದ್ದ ಮೇಲೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. ಅದು ರಕ್ತದಲ್ಲಿ ಬಂದದ್ದು.

ಇಲ್ಲಿ ನನ್ನ ಅಜ್ಜಿಯ ಮಾತೊಂದು ನೆನಪಾಗುತ್ತದೆ. ಅಪ್ಪನ ತಾಯಿ, ಮಳವಳ್ಳಿ ತಾಲ್ಲೂಕಿನವಳು. ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಅವಳ ಹೊಲದ ಮೇಲೆಯೇ ತಂತಿಯಲ್ಲಿ ಹಾದು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತಂತೆ. ಕೆಳಗೆ ಅಜ್ಜಿಯ ಮನೆಯಲ್ಲಿ ಹರಳೆಣ್ಣೆ ದೀಪ. ಕಳೆ ಕೀಳುವಾಗ ಮೇಲೆ ಗುಂಯ್ ಎಂದು ತಂತಿಯ ಸದ್ದು ಕೇಳುತ್ತಿತ್ತಂತೆ. “ನಮ್ದೇ ಊರ ನೀರು, ನಮ್ದೇ ಕರೆಂಟು ಅಂತ ನಮ್ಮಪ್ಪ ತೋರ್ಸೋನು. ನಾವು ತಲೆ ಎತ್ತಿ ನೋಡೋದು, ಕತ್ಲಾದ್ರೆ ಬುಡ್ಡಿ ಅಚ್ಚೋದು,” ಎನ್ನುತ್ತಿದ್ದಳು. ಈ ಕತೆಯನ್ನು ನಾನು ಕ್ಲಾಸಿನಲ್ಲಿ ಬಹಳ ಚೆನ್ನಾಗಿ ಹೇಳುತ್ತೇನೆ. ನಮ್ಮ ಮನೆಯಲ್ಲೂ ಇಂಥದೇ ಒಂದು ನಡೆಯುತ್ತಿದೆ ಎಂದು ಹೊಳೆದಿರಲಿಲ್ಲ.

ಸರಿ, ಹರಿದ ತೋಳಿನ ಇಂಜಿನಿಯರ ಹತ್ತಿರಕ್ಕೆ ವಾಪಸು ಬರೋಣ. ಅವರು ಮೊದಲು ನೀರಿನ ತೊಟ್ಟಿಯನ್ನು ಬೈದರು. ಊರಿನ ಎಲ್ಲ ಮನೆಗಳಂತೆ ನಮ್ಮಲ್ಲೂ ವಾಸ್ತುವಿನ ಪ್ರಕಾರ ಅದು ನೈಋತ್ಯ ಮೂಲೆಯಲ್ಲಿದೆ, ಮಧ್ಯಾಹ್ನ ತಿರುಗಿತೆಂದರೆ ನೆರಳು ತಾರಸಿಯ ಅರ್ಧಕ್ಕೆ ಬೀಳುತ್ತದೆ. ನೆರಳಿಲ್ಲದೆ ಉಳಿಯುವುದು ಹಿಂಭಾಗ. ಅಲ್ಲಿ ಕಂಬಿ. “ಇವನ್ನ ಕಟ್ ಮಾಡಿಸಿದ್ರೆ ಹತ್ತು ಪ್ಯಾನಲ್ಲೂ ನೀಟಾಗಿ ಕೂರುತ್ತೆ ಸಾರ್. ಅರ್ಧ ದಿನದ ಕೆಲಸ,” ಎಂದರು.

ಜಯಕ್ಕ ಆಗ ಅಲ್ಲೇ ಹಗ್ಗದಿಂದ ಒಣಗಿದ ಬಟ್ಟೆ ಎಳೆದುಕೊಳ್ಳುತ್ತಿದ್ದಳು. ನಾನು ಅವಳ ಬೆನ್ನು ನೋಡಿದೆ. ಈ ಮನೆಯಲ್ಲಿ ಅವಳದು ಎಂದು ಇರುವುದು ಆ ಕಂಬಿಗಳು ಮಾತ್ರ. ಅವನ್ನು ಕತ್ತರಿಸು ಎಂದು ಹೇಳುವುದೂ ಒಂದೇ, ಅಪ್ಪ ಕೊಟ್ಟ ಮಾತು ಇವತ್ತಿಗೆ ಮುಗಿಯಿತು ಎನ್ನುವುದೂ ಒಂದೇ. ಅದೂ ಯಾತಕ್ಕೆ, ಇನ್ನೂ ಬಾರದ ಒಂದು ಕಾರಿಗೆ! ನನ್ನಿಂದ ಆಗಲಿಲ್ಲ. “ಅವು ಇರ್ಲಿ ಬಿಡಿ, ಸುತ್ತಮುತ್ತ ಎಲ್ಲಾದ್ರೂ ಹೊಂದಿಸಿ,” ಎಂದೆ.

ಇಂಜಿನಿಯರು ಕಾಗದದ ಮೇಲೆ ಹೊಂದಿಸಿದರು. ಕಂಬಿಯ ಈ ಕಡೆ ಮೂರು, ಆ ಕಡೆ ಮೂರು, ನಡುವೆ ಖಾಲಿ. ಕೆಳಗಿಳಿದು ಕಾಫಿ ಕುಡಿಯುತ್ತಾ ಸುಮಾಗೆ ತೋರಿಸಿ, “ಮನೆಗೆ ಆಗಿ ಮಿಕ್ಕಿದ್ದರಲ್ಲಿ ಒಂದು ಸ್ಕೂಟರ್ ಚಾರ್ಜ್ ಮಾಡ್ಬೋದು ಮೇಡಂ,” ಎಂದರು. ಸುಮಾ ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ಅರ್ಥವಾಗಿತ್ತು. ಅದನ್ನು ಬಿಟ್ಟು ಅವಳು ಬೇರೆಯದನ್ನೇ ಕೇಳಿದಳು. “ಅದೆಲ್ಲ ಇರ್ಲಿ. ಕಾರು ಬಂದ್ರೆ ನಿಲ್ಲಿಸೋದೆಲ್ಲಿ?”

ನಿಮ್ಮಾಣೆ, ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಚಾರ್ಜರು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ, ಮೋಡ ಕವಿದ ದಿನ ಏನು ಗತಿ ಎಂದೆಲ್ಲ ತಿಂಗಳುಗಟ್ಟಲೆ ಓದಿದ್ದೆ. ನಮ್ಮ ಗೇಟಿನಲ್ಲಿ ಸೈಕಲ್ಲು ಹಿಡಿದುಕೊಂಡು ಬರುವಾಗಲೂ ಪೆಡಲು ತಾಗುತ್ತದೆ ಎಂಬುದು ಮರೆತೇಹೋಗಿತ್ತು. ಬಸ್ಸಿನಲ್ಲೇ ಬಾಳಿದವನಿಗೆ ವಾಹನ ಎಂದರೆ ಬೇರೆ ಎಲ್ಲೋ ನಿಲ್ಲುವ ವಸ್ತು.

ಇಂಜಿನಿಯರು ಹೊರಗೆ ಹೋಗಿ ಬೀದಿಯಿಂದ ಮನೆಯನ್ನು ನೋಡಿ ಬಂದು, “ಈ ಮುಂದಿನ ರೂಮು ತೆಗೆದ್ರೆ ಆರಾಮಾಗಿ ಪೋರ್ಟಿಕೋ ಆಗುತ್ತೆ ಸಾರ್. ಅಳತೆ ನೋಡಿ ಬೇಕಾದ್ರೆ,” ಎಂದರು. ಮನೆಯಲ್ಲಿ ಟೇಪು ಇರುವುದು ಒಬ್ಬಳ ಹತ್ತಿರವೇ. ನಾನು ಜಯಕ್ಕನ ರೂಮಿಗೆ ಹೋದೆ. ಅವಳು ಕೆಂಪಮ್ಮನ ಸೊಸೆಯ ರವಿಕೆಗೆ ಕೈ ಕೂರಿಸುತ್ತಿದ್ದಳು. ಕಾಲಲ್ಲಿ ತುಳಿಯುವ ಅದೇ ಹಳೇ ಮಿಷನ್ನು. ಟೇಪು ಕೇಳಿದೆ. “ಯಾರ್ ಅಳ್ತೆನ್ಲಾ?” ಎಂದಳು. “ಗೇಟಿಂದು,” ಎಂದೆ. ಅವಳು ಕೊರಳಿಂದ ತೆಗೆದು ಕೊಟ್ಟಳು. ಆದರೆ ನಾನು ಗೇಟಿನ ಕಡೆ ಹೋಗಲಿಲ್ಲ. ಬಾಗಿಲಿನಿಂದ ಕಿಟಕಿಗೆ, ಕಿಟಕಿಯಿಂದ ಅವಳ ಮಂಚದ ಗೋಡೆಗೆ ಟೇಪು ಹಿಡಿದೆ. ಅವಳು ಕಾಲು ಎತ್ತಿ ದಾರಿ ಬಿಟ್ಟಳು.

ಸುಮಾ ಬಾಗಿಲಿಗೆ ಬಂದು ನಿಂತಿದ್ದಳು. ಮೆಲ್ಲಗೆ, “ರೀ, ಅಕ್ಕ ಎಲ್ಲಿರ್ತಾರೆ ಆಮೇಲೆ?” ಎಂದಳು. ಟೇಪಿನ ಮೇಲೆ ಕಣ್ಣಿಟ್ಟುಕೊಂಡೇ ನಾನು ಹೇಳಿದೆ: “ಅಕ್ಕನಿಗೇನು, ಮೇಲ್ಗಡೆ ಇದೆಯಲ್ಲ.”

ನನ್ನ ಬೆರಳು ಅದರ ಪಾಡಿಗೆ ಅದು ಮೇಲೆ ಹೋಗಿತ್ತು. ಅಪ್ಪನ ಬೆರಳಿನ ಹಾಗೆಯೇ. ಸ್ವಲ್ಪ ಹೊತ್ತಿನ ಮುಂಚೆ ಆ ಮೇಲ್ಗಡೆಯ ಮೇಲೆ ಆರು ಪ್ಯಾನಲ್ ಕೂರಿಸಿ ಇಳಿದು ಬಂದವನು ನಾನೇ.

ಮಿಷನ್ನು ನಿಂತಿತು. ಜಯಕ್ಕ ದಾರ ಕಡಿದು, ರವಿಕೆ ಮಡಿಚಿಟ್ಟು, ನನ್ನ ಕಡೆ ತಿರುಗಿ ಕೂತಳು. ಅವಳು ಕೋಪ ಮಾಡಿಕೊಂಡದ್ದನ್ನು ನಾನು ಹೆಚ್ಚು ನೋಡಿಲ್ಲ. ಆವತ್ತೂ ದನಿ ಏರಿಸಲಿಲ್ಲ.

“ಲೇ ಚಂದ್ರಾ, ಏನದೆಲಾ ಮೇಲ್ಗಡೆ?”

ನಾನು ಟೇಪು ಸುತ್ತತೊಡಗಿದೆ.

“ಯೋಳ್ಲಾ. ಅಪ್ಪನೂ ಅಂಗೇ ಬೆಳ್ಳೆತ್ತಿ ತೋರ್ಸ್‌ತು. ಅವ್ವನೂ ತೋರ್ಸ್‌ತು. ಈಗ ನೀನೂ ತೋರ್ಸ್ತಿದ್ದೀಯೆ. ಎಲ್ರೂ ಸೇರ್ಕಂಡು ನಂಗೆ ಆಕಾಸ ತೋರ್ಸಿದ್ದೇ ತೋರ್ಸಿದ್ದು. ನಾನು ಕುಂತಿರೋದು ಇಲ್ಲಿ ಕಣ್ಲಾ. ನಾನು ಉಣ್ಣೋದು ಈ ರೂಮಿನ್ ದುಡಿಮೇಲಿ. ಇದ ಬುಟ್ಟು ನಂಗೆ ಬ್ಯಾರೆ ಏನದೆ?”

“ನಾನು ಕಂಬಿ ಕತ್ತರಿಸ್ತಿಲ್ಲ ಅಕ್ಕ. ನಿನಗೋಸ್ಕರವೇ ಸುತ್ತಿ ಬಳಸಿ ಪ್ಲಾನ್ ಮಾಡಿಸಿದೀನಿ,” ಎಂದೆ. ಇದನ್ನು ಹೇಳುವಾಗ ನನಗೆ ನನ್ನ ಬಗ್ಗೆ ಸ್ವಲ್ಪ ಮರುಕವೂ ಇತ್ತು ಎಂದು ಒಪ್ಪಿಕೊಳ್ಳುತ್ತೇನೆ.

“ಅಯ್ಯೋ ನಿನ್ ಮಕ್ ಮಣ್ಣಾಕ! ಆ ಕಂಬಿ ಯಾರಿಗ್ ಬೇಕಾಗಿತ್ಲಾ? ಬೀದಿಯೋರೆಲ್ಲ ಅದ ನೋಡ್ದಾಗೆಲ್ಲ, ಪಾಪ ಜಯಂಗೆ ಮನೆ ಆಗ್ಲಿಲ್ಲ ಅಂತವ್ರೆ. ಇಷ್ಟ್ ವರ್ಸ ಅದ ಕುಯ್ಸಕ್ಕೆ ಒಂದು ಕಾರೇ ಬರ್ಬೇಕಾಗಿತ್ತಾ ನಿಂಗೆ?”

“ಮತ್ತೆ ವರ್ಷಾ ವರ್ಷಾ ಎಣ್ಣೆ ಹಚ್ತಿದ್ದೆಯಲ್ಲ?”

“ಅಚ್ದೆ ಇನ್ನೇನ್ ಮಾಡ್ಲಿ? ತುಕ್ಕು ಸೀರೆಗೆ ಅತ್ತಿದ್ರೆ ಓಗದಾ? ಗಿರಾಕಿ ಬಟ್ಟೆ ಒಗೆದು ಅಲ್ಲೇ ತಾನೆ ಒಣಾಕೋದು!”

ಸುಮಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನಗುವುದಕ್ಕೋ ಅಳುವುದಕ್ಕೋ ನನಗೆ ತಿಳಿಯಲಿಲ್ಲ. ನನ್ನ ಶ್ರದ್ಧೆಯ ಉದಾಹರಣೆ ಕೇಳಿದ ಹುಡುಗರಲ್ಲಿ ಕೆಲವರು ಈಗ ಮೇಷ್ಟರುಗಳಾಗಿದ್ದಾರೆ. ಅವರು ಅದನ್ನು ಮುಂದಿನವರಿಗೆ ಹೇಳದಿರಲಿ ಎಂದು ಒಂದು ಕ್ಷಣ ಅನ್ನಿಸಿತು.

ಜಯಕ್ಕ ಕೈಚಾಚಿ ಟೇಪು ವಾಪಸು ಇಸಿದುಕೊಂಡಳು. ಮಡಿಚಿಟ್ಟಿದ್ದ ರವಿಕೆ ತೆಗೆದು, ಅದರ ಪಕ್ಕದ ಹೊಲಿಗೆಯನ್ನು ಒಳಮಗ್ಗುಲಿಗೆ ತಿರುಗಿಸಿ ತೋರಿಸಿದಳು. ಒಳಗೆ ಬೆರಳಗಲ ಬಟ್ಟೆ ಹೆಚ್ಚಾಗಿ ಬಿಟ್ಟಿತ್ತು. “ಮುಂದ್ಕಿರ್ಲಿ ಅಂತ ನಾನೂ ಬುಟ್ಟಿರ್ತೀನಿ. ಆ ಉಡುಗಿ ದಪ್ಪ ಆದ್ರೆ ಬಂದು ಬಿಚ್ಚುಸ್ಕತಾಳೆ. ನಿಮ್ಮಪ್ಪಂದು ಬಿಚ್ಚೋದೇ ಇಲ್ಲ, ಬರೀ ಬುಡೋದು,” ಎಂದಳು. ಅವಳು ಅಪ್ಪನನ್ನು ‘ನಿಮ್ಮಪ್ಪ’ ಎಂದದ್ದು ಅದೊಂದೇ ಸಲ. ಅದು ನನಗೆ ನಾಟಿತು. ಅವಳಿಗೆ ಎಷ್ಟು ನೋವಾಗಿದೆ ಎಂದು ಬಯ್ಗುಳದಲ್ಲಿ ಗೊತ್ತಾಗಿರಲಿಲ್ಲ, ಆ ಮಾತಿನಲ್ಲಿ ಗೊತ್ತಾಯಿತು.

“ಏನ್ ಮಾಡ್ಬೇಕು ಹೇಳಕ್ಕ,” ಎಂದೆ.

“ಕಂಬಿ ಕುಯ್ಸು. ಮ್ಯಾಲೆ ಎಷ್ಟಾರ ಬಿಸ್ಲು ಇಡ್ಕೊ. ಈ ರೂಮ್ ಮುಟ್ಬ್ಯಾಡ. ಅಷ್ಟೇ ಅಲ್ಲ, ಇದು ಜಯಂದು ಅಂತ ಎಲ್ರ ಮುಂದೂ ಯೋಳು. ಮೇಲ್ಗಡೇದ ಅಂಗೇ ಯೋಳ್ತಿದ್ರಲ್ಲ, ಬೆಳ್ ಮಾಡಿ, ಅಂಗೆ.”

ಮಾರನೆಯ ಬೆಳಿಗ್ಗೆ ಇಂಜಿನಿಯರು ಬೇರೆ ಅಂಗಿ ಹಾಕಿಕೊಂಡು ಬರುವಷ್ಟರಲ್ಲಿ ನಯಾಜ್ ಕಟಿಂಗ್ ಮಿಷನ್ನು ಹೊತ್ತುಕೊಂಡು ತಾರಸಿ ಮೇಲಿದ್ದ. ಜಯಕ್ಕನೇ ಹೋಗಿ ಕರೆತಂದಿದ್ದಳು. ಪ್ಯಾನಲ್ ಎಲ್ಲಿ ಬರುತ್ತದೆ ಎಂದು ಗುರುತು ಹಾಕಬೇಕೆಂದು ಇಂಜಿನಿಯರು ಸೀಮೆಸುಣ್ಣ ಹುಡುಕುತ್ತಿದ್ದಾಗ ಅವಳು ರಂಗೋಲಿ ಡಬ್ಬಿ ಹಿಡಿದು, ಸೀರೆ ಎತ್ತಿ ಸಿಕ್ಕಿಸಿ, “ಎಲ್ಲಿಂದ ಎಲ್ಲಿಗೆ ಯೋಳಿ,” ಎಂದಳು. ಅವರು ಹೇಳುತ್ತಾ ಹೋದರು. ಅಪ್ಪ ಅಡುಗೆಮನೆ ಎಂದು ಗೆರೆ ಎಳೆದ ಜಾಗ, ಮಲಗೋ ರೂಮು ಎಂದ ಜಾಗ, ಕಿಟಕಿ ಎಂದ ಜಾಗ, ಎಲ್ಲದರ ಮೇಲೂ ಜಯಕ್ಕನ ಬೆರಳ ಸಂದಿಯಿಂದ ಬಿಳಿಯ ಗೆರೆ ಒಂದೇ ಎಳೆಯಲ್ಲಿ ಹಾದುಹೋಯಿತು. ನಾನು ತೊಟ್ಟಿಯ ನೆರಳಿನಲ್ಲಿ ನಿಂತು ನೋಡಿದೆ. ಅವಳು ಎಲ್ಲಿಯೂ ನಿಲ್ಲಲಿಲ್ಲ. ಮಿಷನ್ನು ಎಂದು ಅಪ್ಪ ತೋರಿಸಿದ್ದ ಮೂಲೆಯಲ್ಲಿ ಮಾತ್ರ ಒಂದು ಸಲ ಸೊಂಟ ನೆಟ್ಟಗೆ ಮಾಡಿಕೊಂಡಳು.

ಕಂಬಿ ಕುಯ್ಯುವ ಸದ್ದಿಗೆ ಬೀದಿಯ ತಾರಸಿಗಳೆಲ್ಲ ತುಂಬಿದವು. ಕಿಡಿ ಹಾರುತ್ತಿತ್ತು. ಎಣ್ಣೆ ಕುಡಿದ ಕಂಬಿ, ಹೊಗೆ ಬೇರೆ. ನಯಾಜ್ ಮುಖ ತಿರುಗಿಸಿ ಕೆಮ್ಮಿ, “ಏನಕ್ಕಾ, ನನ್ ಆಯಿಲೆಲ್ಲಾ ಕುಡಿಸ್ಬಿಟ್ಟು ಈಗ ನನ್ ಕೈಲೇ ಕುಯ್ಸ್ತಿದ್ದೀಯಲ್ಲ!” ಎಂದ. ಎದುರು ತಾರಸಿಯಿಂದ ಕೆಂಪಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯಯ್ಯೋ, ಜಯಾ, ನಿನ್ ಮನೆ ಓಯ್ತಲ್ಲವ್ವಾ!” ಎಂದು ಕೂಗಿದಳು.

“ಯಾವಾಗ್ ಇತ್ತು ಕಣಮ್ಮ, ಓಗಕ್ಕೆ?” ಎಂದಳು ಜಯಕ್ಕ.

ಕೂಗಿ ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಎಂದು ನನಗೂ ಅನ್ನಿಸಿತು. ಮೂವತ್ತು ಹುಡುಗರ ಮುಂದೆ ದಿನಾ ಗಂಟಲು ಹರಿದುಕೊಳ್ಳುವವನೂ ಆವತ್ತು ನಯಾಜನ ಮಿಷನ್ನು ನಿಲ್ಲುವವರೆಗೆ ಕಾಯಬೇಕಾಯಿತು. ನಿಂತಾಗ, “ಕೆಂಪಮ್ಮ, ಮೇಲ್ಗಡೇದು ಬಿಡು. ಮುಂದಿನ ರೂಮು ಜಯಕ್ಕಂದು,” ಎಂದು ಬೆರಳು ಕೆಳಗೆ ಮಾಡಿ ತೋರಿಸಿದೆ. “ಅದು ಗೊತ್ತಿಲ್ವಾ ನಂಗೆ? ಇಷ್ಟ್ ದಿನದಿಂದ ಅಲ್ಲೇ ತಾನೆ ಅವ್ಳೆ!” ಎಂದಳು ಕೆಂಪಮ್ಮ. ಗೊತ್ತಿಲ್ಲದಿದ್ದದ್ದು ನಮ್ಮ ಮನೆಯವರಿಗೇ ಇರಬೇಕು.

ಹತ್ತು ಪ್ಯಾನಲ್ಲೂ ನೀಟಾಗಿ ಕೂತವು. ಕತ್ತರಿಸಿದ ಕಂಬಿಯಲ್ಲಿ ನಯಾಜ್ ಜಯಕ್ಕನ ಕಿಟಕಿಗೆ ಸರಳು ಮಾಡಿಕೊಟ್ಟ. ಅದಕ್ಕೀಗ ಎಣ್ಣೆಯಲ್ಲ, ಹಸಿರು ಬಣ್ಣ. ಕಾರು ನಿಲ್ಲಿಸುವ ಸಮಸ್ಯೆಯನ್ನೂ ಅವಳೇ ಬಗೆಹರಿಸಿದಳು. ಅವಳ ಕಿಟಕಿಯ ಎದುರು ಬೀದಿ ಕೊಂಚ ಅಗಲವಾಗಿದೆ. ಕಾರು ಅಲ್ಲಿ ನಿಲ್ಲಲಿ, ಚಾರ್ಜರಿನ ಪಾಯಿಂಟು ತನ್ನ ರೂಮಿನ ಗೋಡೆಯಲ್ಲಿರಲಿ, ವೈರು ಕಿಟಕಿಯಿಂದ ಹೋಗಲಿ. “ಬಂದಾಗ ಬಾಗ್ಲು ತಟ್ಟಿ, ಕೇಳಿ, ಆಮೇಲ್ ಆಕ್ಕೊ,” ಎಂದಳು. ಇಂಜಿನಿಯರು ಒಪ್ಪಿ, ಒಂದು ಗಟ್ಟಿಮುಟ್ಟಾದ ಬಿಳೀ ಪೆಟ್ಟಿಗೆಯನ್ನು ಅವಳ ಮಂಚದ ಪಕ್ಕ ಗೋಡೆಗೆ ಕೂರಿಸಿ ಹೋದರು.

ಕಾರು ಇನ್ನೂ ಬಂದಿಲ್ಲ. ಸುಮಾ ಲೆಕ್ಕ ಹಾಕುತ್ತಲೇ ಇದ್ದಾಳೆ, ನಾನು ಬಸ್ಸಿನಲ್ಲೇ ಹೋಗುತ್ತಿದ್ದೇನೆ. ಬೇಸರವೇನೂ ಇಲ್ಲ. ಮೇಲೆ ಬಿಸಿಲು ಬೀಳುತ್ತದೆ, ಮೀಟರು ಹಿಂದಕ್ಕೂ ಮುಂದಕ್ಕೂ ಏನೋ ಮಾಡುತ್ತದೆ. ಜಯಕ್ಕ ಕಾಲಲ್ಲಿ ತುಳಿಯುವುದು ಬಿಟ್ಟು ಮಿಷನ್ನಿಗೆ ಮೋಟರು ಹಾಕಿಸಿಕೊಂಡಿದ್ದಾಳೆ. ರವಿಕೆಗಳು ಬೇಗ ಆಗುತ್ತವೆ.

ಮೊನ್ನೆ ಕಾಲೇಜಿಂದ ಬಂದು ಚಪ್ಪಲಿ ಬಿಡುತ್ತಿದ್ದೆ. ಮುಂದಿನ ರೂಮಿನಲ್ಲಿ ಯಾರೋ ಹೊಸ ಗಿರಾಕಿ, ಮಂಡ್ಯದಿಂದ ಮದುವೆ ರವಿಕೆಗೆ ಅಳತೆ ಕೊಡಲು ಬಂದ ಹೆಂಗಸು, ಗೋಡೆಯ ಬಿಳೀ ಪೆಟ್ಟಿಗೆ ನೋಡಿ, “ಇದೇನಕ್ಕಾ ಇದು, ಇಷ್ಟು ದೊಡ್ಡದು?” ಎಂದು ಕೇಳಿದಳು.

“ನಮ್ ತಮ್ಮನ್ ಕಾರಿಗೆ ಕಣಮ್ಮ. ಕರೆಂಟ್ ಕಾರು.”

“ಓ! ಕಾರೆಲ್ಲಿ? ಹೊರಗಡೆ ಕಾಣಲಿಲ್ಲವಲ್ಲ?”

ಜಯಕ್ಕ ಬಟ್ಟೆಯಿಂದ ಕಣ್ಣೆತ್ತಲಿಲ್ಲ, ಮಿಷನ್ನೂ ನಿಲ್ಲಿಸಲಿಲ್ಲ. ಒಂದು ಕೈ ಬಿಡಿಸಿಕೊಂಡು, ಬೆರಳನ್ನು ಸೂರಿನ ಕಡೆ ಎತ್ತಿದಳು.

“ಮೇಲ್ಗಡೆ ಅದೆ,” ಎಂದಳು.